ಸಿರಿಯ ನಾಡು ಜಪಾನ್, ನೆಮ್ಮದಿಯ ನಾಡು ಭೂತಾನ್

ನಮ್ಮ ಸಮಾಜದಲ್ಲಿ ಈಗ ನಾಲ್ಕು ಜನ ಸೇರಿದೆಡೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ನಿಮ್ಮ ಮಗ ಯಾವ ದೇಶದಲ್ಲಿದ್ದಾನೆ?” ಲಗ್ನದ ಮಂಟಪದಲ್ಲಾಗಲಿ, ಮಠದ ಜಾತ್ರೆಯಲ್ಲಾಗಲಿ, ಗೃಹಪ್ರವೇಶದ ಪಂಕ್ತಿಯಲ್ಲಾಗಲಿ ಈ ಮಾತು ಕೇಳದೆ ಮರಳಿದವರು ವಿರಳ. ದೇಶದ ಹೆಸರು ಕಿವಿಗೆ ಬೀಳುತ್ತಲೇ ಕೇಳಿದವರ ಮನಸ್ಸು ಅಲ್ಲಿಯ ಸಂಬಳವನ್ನು ನಮ್ಮ ರೂಪಾಯಿಗೆ ಗುಣಿಸಿ ನೋಡುತ್ತದೆ. ಆ ಲೆಕ್ಕವೇ ತಪ್ಪೆಂದು ನಾವು ಹೇಳುವುದಿಲ್ಲ. ಹಸಿದವನಿಗೆ ಉಪದೇಶ ರುಚಿಸದು. ಆದರೆ ಒಂದು ನಾಡಿನ ಬದುಕನ್ನು ಅಳೆಯಲು ಆ ಲೆಕ್ಕವೊಂದೇ ಸಾಕೇ ಎಂಬುದನ್ನು ವಿಚಾರಿಸಬೇಕಾಗಿದೆ. ಇದಕ್ಕಾಗಿ ನಮ್ಮ ಏಷ್ಯಾ ಖಂಡದವೇ ಆದ ಎರಡು ದೇಶಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಒಂದು ಜಪಾನ್, ಇನ್ನೊಂದು ಭೂತಾನ್.

ಸಾಮ್ಯವೂ ಉಂಟು, ವ್ಯತ್ಯಾಸವೂ ಉಂಟು

ಎರಡೂ ಬೆಟ್ಟಗುಡ್ಡಗಳ ನಾಡುಗಳು. ಎರಡರಲ್ಲಿಯೂ ರಾಜಮನೆತನ ಇಂದಿಗೂ ಗೌರವದಿಂದ ಉಳಿದಿದೆ. ಎರಡೂ ಕಡೆ ಬೌದ್ಧ ಧರ್ಮ ಆಳವಾಗಿ ಬೇರೂರಿದೆ. ಜಪಾನಿನ ನೆಲದಲ್ಲಿ ಮೂರರಲ್ಲಿ ಎರಡು ಪಾಲು ಅರಣ್ಯವಿದ್ದರೆ, ಭೂತಾನಿನಲ್ಲಿ ಅದು ಶೇಕಡ ೭೦ರಷ್ಟಿದೆ. ಸಾಮ್ಯ ಇಲ್ಲಿಗೆ ಮುಗಿಯಿತು.

ವಿಸ್ತೀರ್ಣದಲ್ಲಿ ಜಪಾನ್ ನಮ್ಮ ಕರ್ನಾಟಕದ ಸುಮಾರು ಎರಡರಷ್ಟು. ಭೂತಾನ್ ಐದನೆಯ ಒಂದು ಪಾಲು ಮಾತ್ರ. ಜಪಾನಿನ ಜನಸಂಖ್ಯೆ ೧೨ ಕೋಟಿಗೂ ಮಿಕ್ಕಿದೆ. ಭೂತಾನಿನಲ್ಲಿ ೨೦೧೭ರ ಜನಗಣತಿಯಂತೆ ಇದ್ದವರು ೭ ಲಕ್ಷ ೨೭ ಸಾವಿರ, ಅಂದರೆ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕಿಂತಲೂ ಕಡಿಮೆ. ತಲಾ ಆದಾಯದಲ್ಲಿ ಜಪಾನ್ ಭೂತಾನಿಗಿಂತ ಸುಮಾರು ಒಂಬತ್ತು ಪಟ್ಟು ಮುಂದಿದೆ. ಜಪಾನಿನ ಸ್ತ್ರೀಯರು ಸರಾಸರಿ ೮೭ ವರ್ಷ, ಪುರುಷರು ೮೧ ವರ್ಷ ಬಾಳುತ್ತಾರೆ. ಭೂತಾನಿನವರ ಸರಾಸರಿ ಆಯುಸ್ಸು ೭೦ನ್ನು ದಾಟಿದ್ದು ಈಚಿನ ಮಾತು.

ಬೂದಿಯಿಂದ ಎದ್ದ ನಾಡು

೧೯೪೫ರಲ್ಲಿ ಜಪಾನ್ ಸುಟ್ಟು ಕರಕಲಾಗಿತ್ತು. ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಬಿದ್ದಿತ್ತು; ಟೋಕಿಯೋ ನಗರದ ಬಹುಭಾಗ ಬೂದಿಯಾಗಿತ್ತು; ಜನ ಅನ್ನಕ್ಕೆ ಪರದಾಡುತ್ತಿದ್ದರು. ಅಂಥ ನಾಡು ಕೇವಲ ೧೯ ವರ್ಷಗಳಲ್ಲಿ, ೧೯೬೪ರ ಅಕ್ಟೋಬರಿನಲ್ಲಿ, ಟೋಕಿಯೋ-ಒಸಾಕಾ ನಡುವೆ ಶಿಂಕಾನ್ಸೆನ್ ಎಂಬ ಅತಿವೇಗದ ರೈಲನ್ನು ಓಡಿಸಿತು. ಅಂದಿನಿಂದ ಇಂದಿನವರೆಗೆ ಆ ರೈಲು ಹಳಿ ತಪ್ಪಿ ಅಥವಾ ಡಿಕ್ಕಿ ಹೊಡೆದು ಒಬ್ಬ ಪ್ರಯಾಣಿಕನೂ ಸತ್ತಿಲ್ಲ ಎಂದರೆ ಆ ಜನರ ಕರ್ತವ್ಯನಿಷ್ಠೆ ಎಂಥದೆಂಬುದು ತಿಳಿಯುತ್ತದೆ. ೧೯೬೧ರಲ್ಲಿಯೇ ಪ್ರಜೆಗಳೆಲ್ಲರನ್ನೂ ಆರೋಗ್ಯ ವಿಮೆಯ ಆಶ್ರಯಕ್ಕೆ ತಂದ ದೇಶವದು.

ಇದಕ್ಕಿಂತ ನಮ್ಮ ಗಮನ ಸೆಳೆಯುವುದು ಅಲ್ಲಿಯ ಶಾಲೆ. ತರಗತಿಯ ಕಸವನ್ನು ಮಕ್ಕಳೇ ಗುಡಿಸುತ್ತಾರೆ; ನೆಲವನ್ನು ಮಕ್ಕಳೇ ಒರೆಸುತ್ತಾರೆ; ಮಧ್ಯಾಹ್ನದ ಊಟವನ್ನು ಸರದಿಯ ಮೇಲೆ ಮಕ್ಕಳೇ ಬಡಿಸುತ್ತಾರೆ. ಸಾಹುಕಾರನ ಮಗ, ಕೂಲಿಯವನ ಮಗ ಎಂಬ ಭೇದ ಪೊರಕೆಗೆ ಇಲ್ಲ. ಉಣ್ಣುವ ಮೊದಲು ಕೈಮುಗಿದು, ಅನ್ನ ಕೊಟ್ಟ ಜೀವಗಳಿಗೂ ದುಡಿದ ಕೈಗಳಿಗೂ ಕೃತಜ್ಞತೆ ಹೇಳುವ ರೂಢಿಯೂ ಉಂಟು. ಬಳಸಬಹುದಾದುದನ್ನು ಪೋಲು ಮಾಡಿದಾಗ ಆಗುವ ವ್ಯಥೆಗೆ ಅವರು ‘ಮೊತ್ತಾಯ್‌ನಾಯ್’ ಎನ್ನುತ್ತಾರೆ. ಎಡೆಯಲ್ಲಿ ಬಡಿಸಿದುದು ಪ್ರಸಾದ, ಅದರಲ್ಲಿ ಒಂದು ಅಗುಳನ್ನೂ ಚೆಲ್ಲಬಾರದೆಂದು ಕಲಿತ ನಮ್ಮ ಮನೆತನಗಳಿಗೆ ಈ ಭಾವ ಪರಕೀಯವಲ್ಲ. ಆದರೆ ಇಂದಿನ ನಮ್ಮ ಮದುವೆಗಳ ಎಂಜಲೆಲೆಗಳನ್ನು ಕಂಡವರು ತಲೆ ತಗ್ಗಿಸಬೇಕಾಗುತ್ತದೆ.

ದುಡಿಮೆಯೇ ಮೃತ್ಯುವಾದಾಗ

ಇಷ್ಟಾಗಿಯೂ ಜಪಾನಿನ ಬದುಕಿಗೆ ಇನ್ನೊಂದು ಮುಖವಿದೆ. ಅತಿಯಾದ ದುಡಿಮೆಯಿಂದ ಬರುವ ಸಾವಿಗೆ ಆ ಭಾಷೆಯಲ್ಲಿ ‘ಕರೋಶಿ’ ಎಂಬ ಪ್ರತ್ಯೇಕ ಪದವೇ ಹುಟ್ಟಿದೆ. ರಾತ್ರಿ ಹಗಲೆನ್ನದೆ ಕಚೇರಿಯಲ್ಲಿ ದುಡಿದು ಹೃದಯ ನಿಂತು ಸತ್ತವರು, ಮನಸ್ಸು ಮುರಿದು ಪ್ರಾಣ ಕಳೆದುಕೊಂಡವರು ಅನೇಕರು. ಅವರ ಹೆಂಡಿರು, ಹೆತ್ತವರು ವರ್ಷಗಟ್ಟಲೆ ಹೋರಾಡಿದ ಮೇಲೆ ೨೦೧೪ರಲ್ಲಿ ಕರೋಶಿಯನ್ನು ತಡೆಯುವ ಕಾನೂನು ಬಂದಿತು. ೨೦೧೯ರಿಂದ ಹೆಚ್ಚುವರಿ ದುಡಿಮೆಯ ಗಂಟೆಗಳಿಗೂ ಕಾನೂನಿನ ಮಿತಿ ಜಾರಿಗೆ ಬಂದಿತು. ‘ಸಾಕು’ ಎಂದು ದುಡಿಯುವವನಿಗೆ ಸರಕಾರವೇ ಹೇಳಬೇಕಾಗಿ ಬಂದ ಪರಿಸ್ಥಿತಿ ಅದು.

ಜಪಾನಿನಲ್ಲಿ ಇಂದು ನೂರಕ್ಕೆ ೨೯ ಜನ ೬೫ ವರ್ಷ ದಾಟಿದವರು. ಮಕ್ಕಳು ಹುಟ್ಟುವುದು ಕಡಿಮೆಯಾಗಿ ೨೦೦೮ರಿಂದೀಚೆಗೆ ಜನಸಂಖ್ಯೆ ಇಳಿಮುಖವಾಗಿದೆ. ೨೦೨೩ರ ಸಮೀಕ್ಷೆಯಲ್ಲಿ ದೇಶದಾದ್ಯಂತ ಸುಮಾರು ೯೦ ಲಕ್ಷ ಮನೆಗಳು ವಾಸವಿಲ್ಲದೆ ಖಾಲಿ ಬಿದ್ದಿದ್ದವು. ಇನ್ನೊಂದು ಅಂಕಿ ಇದಕ್ಕಿಂತ ಕಠೋರವಾದುದು. ೨೦೨೪ರ ಒಂದೇ ವರ್ಷದಲ್ಲಿ, ಒಂಟಿಯಾಗಿದ್ದು ತಮ್ಮ ಮನೆಯಲ್ಲಿಯೇ ತೀರಿಹೋದವರು ಸುಮಾರು ೭೬ ಸಾವಿರ ಮಂದಿ ಎಂದು ಅಲ್ಲಿಯ ಪೊಲೀಸ್ ಇಲಾಖೆ ಲೆಕ್ಕ ಕೊಟ್ಟಿದೆ. ಅವರಲ್ಲಿ ಬಹುಪಾಲು ವೃದ್ಧರು. ಕೆಲವರ ಸಾವು ನೆರೆಯವರಿಗೆ ತಿಳಿದದ್ದು ದಿನಗಳ, ವಾರಗಳ ನಂತರ. ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲು ೨೦೨೧ರಲ್ಲಿ ಒಬ್ಬ ಮಂತ್ರಿಯನ್ನೇ ನೇಮಿಸಲಾಯಿತು. ತುಂಬಿದ ಕಣಜ, ಬರಿದಾದ ಪಡಸಾಲೆ!

ನೆಮ್ಮದಿಯನ್ನು ಅಳೆಯಹೊರಟ ನಾಡು

ಈಗ ಹಿಮಾಲಯದ ಮಡಿಲಿಗೆ ಬರೋಣ. ೧೯೫೮ರಲ್ಲಿ ನಮ್ಮ ಪ್ರಧಾನಿ ಜವಾಹರಲಾಲ ನೆಹರೂ ಅವರು ಭೂತಾನಿಗೆ ಹೋದಾಗ ಅಲ್ಲಿಗೆ ಮೋಟಾರು ರಸ್ತೆ ಇರಲಿಲ್ಲ. ಬೆಟ್ಟದ ದಾರಿಯಲ್ಲಿ ಸವಾರಿ ಮಾಡಿಕೊಂಡು ಸಾಗಬೇಕಾಯಿತು. ೧೯೬೧ರಲ್ಲಿ ಭಾರತದ ನೆರವಿನಿಂದ ಮೊದಲ ಪಂಚವಾರ್ಷಿಕ ಯೋಜನೆ ಆರಂಭವಾಯಿತು. ಗಡಿಯ ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಫುವಿಗೆ ರಸ್ತೆ ಕಡಿದವರು ನಮ್ಮ ಗಡಿ ರಸ್ತೆ ಸಂಸ್ಥೆಯವರು. ದೂರದರ್ಶನವೂ ಇಂಟರ್‌ನೆಟ್ಟೂ ಆ ನಾಡಿಗೆ ಕಾಲಿಟ್ಟದ್ದು ೧೯೯೯ರಲ್ಲಿ.

ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರು ೧೯೭೦ರ ದಶಕದಲ್ಲಿ ಒಂದು ಹೊಸ ವಿಚಾರವನ್ನು ಮುಂದಿಟ್ಟರು. ದೇಶದ ಉತ್ಪನ್ನವನ್ನು ಲೆಕ್ಕ ಹಾಕುವುದಕ್ಕಿಂತ ಪ್ರಜೆಗಳ ಸಂತೋಷವನ್ನು ಲೆಕ್ಕ ಹಾಕುವುದು ಮುಖ್ಯ ಎಂಬುದೇ ಆ ವಿಚಾರ. ಅದು ಬರಿಯ ಮಾತಾಗಿ ಉಳಿಯಲಿಲ್ಲ. ಇಂದು ಒಂಬತ್ತು ವಿಷಯಗಳನ್ನು ಇಟ್ಟುಕೊಂಡು ಆ ಸರಕಾರ ಮನೆಮನೆಯ ಸಮೀಕ್ಷೆ ನಡೆಸುತ್ತದೆ. ಆರೋಗ್ಯ, ವಿದ್ಯೆ, ಜೀವನಮಟ್ಟಗಳ ಜೊತೆಗೆ ಮನಶ್ಶಾಂತಿ, ನೆರೆಹೊರೆಯ ಬಾಂಧವ್ಯ, ಸಂಸ್ಕೃತಿ, ನಿಸರ್ಗ, ಒಳ್ಳೆಯ ಆಡಳಿತ, ದಿನದ ವೇಳೆಯ ವಿನಿಯೋಗ ಇವುಗಳಿಗೂ ಅಲ್ಲಿ ಸ್ಥಾನವಿದೆ. ದುಡಿಯುವುದಕ್ಕೆ ಎಷ್ಟು ಗಂಟೆ, ನಿದ್ರೆಗೆ ಎಷ್ಟು ಗಂಟೆ ಎಂದು ಪ್ರಜೆಯನ್ನು ಕೇಳುವ ಸರಕಾರಗಳು ಜಗತ್ತಿನಲ್ಲಿ ವಿರಳ. ೨೦೦೮ರ ಸಂವಿಧಾನದಂತೆ ದೇಶದ ಶೇಕಡ ೬೦ರಷ್ಟು ನೆಲ ಎಂದೆಂದಿಗೂ ಅರಣ್ಯವಾಗಿಯೇ ಉಳಿಯಬೇಕು. ಸರಕಾರಿ ಶಾಲೆಯಲ್ಲಿ ವಿದ್ಯೆ, ಸರಕಾರಿ ಆಸ್ಪತ್ರೆಯಲ್ಲಿ ಮೂಲ ಚಿಕಿತ್ಸೆ ಉಚಿತ.

ಪುರುಷರು ‘ಘೋ’ ಎಂಬ ನಿಲುವಂಗಿ, ಸ್ತ್ರೀಯರು ‘ಕೀರಾ’ ಎಂಬ ಉಡುಗೆ ಉಟ್ಟೇ ಕಚೇರಿಗೆ ಹೋಗುತ್ತಾರೆ. ಪಶ್ಚಿಮದ ಮತ್ತು ಮಧ್ಯದ ಸೀಮೆಗಳಲ್ಲಿ ಹೊಲಮನೆಗಳು ಹೆಣ್ಣುಮಕ್ಕಳ ಪಾಲಿಗೆ ಬರುತ್ತವೆ. ಅಳಿಯನು ಅತ್ತೆಯ ಮನೆಗೆ ಬಂದು ನೆಲೆಸುತ್ತಾನೆ. ‘ತ್ಸೇಚು’ ಎಂಬ ಜಾತ್ರೆಗೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬಂದು, ಮುಖವಾಡದ ನೃತ್ಯಗಳನ್ನು ನೋಡುತ್ತ ದಿನವಿಡೀ ಕುಳಿತಿರುತ್ತದೆ. ನಮ್ಮ ರಥೋತ್ಸವಗಳನ್ನು ಕಂಡವರಿಗೆ ಆ ಸಡಗರದ ಕಲ್ಪನೆ ಸುಲಭವಾಗಿ ಬರುತ್ತದೆ.

ನೆಮ್ಮದಿಗೂ ಬೆಲೆಯುಂಟು

ಆದರೆ ಭೂತಾನನ್ನು ಭೂಸ್ವರ್ಗವೆಂದು ಕೊಂಡಾಡಿದರೆ ಸತ್ಯಕ್ಕೆ ಅಪಚಾರವಾದೀತು. ಒಂದೇ ಉಡುಗೆ, ಒಂದೇ ಭಾಷೆ, ಒಂದೇ ಸಂಸ್ಕೃತಿ ಎಂಬ ಧೋರಣೆ ಬಿಗಿಯಾದಾಗ, ದಕ್ಷಿಣ ಭಾಗದಲ್ಲಿದ್ದ ನೇಪಾಳಿ ಮಾತಿನ ಜನರು ೧೯೯೦ರ ದಶಕದ ಆರಂಭದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ನೆಲೆ ತಪ್ಪಿದರು. ಸುಮಾರು ಒಂದು ಲಕ್ಷ ಜನ ನೇಪಾಳದ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಳನ್ನು ಕಳೆದು, ಕೊನೆಗೆ ಅವರಲ್ಲಿ ಹೆಚ್ಚಿನವರು ಅಮೆರಿಕ ಮೊದಲಾದ ದೇಶಗಳಲ್ಲಿ ಆಶ್ರಯ ಪಡೆಯಬೇಕಾಯಿತು. ಎಲ್ಲರನ್ನೂ ನಮ್ಮವರೆನ್ನಬೇಕೆಂದು ಕಲಿಸಿದ ಶರಣರ ಮಕ್ಕಳಾದ ನಾವು ಈ ನೋವನ್ನು ಕಾಣದಂತೆ ಮುಂದೆ ಸಾಗಲಾಗದು.

ಎರಡನೆಯದು ಯುವಜನರ ಸಂಕಟ. ಓದಿದ ಕೈಗಳಿಗೆ ತಕ್ಕ ಕಾಯಕವಿಲ್ಲ. ೨೦೨೨ರಲ್ಲಿ ಅಲ್ಲಿಯ ಯುವಕರಲ್ಲಿ ನಿರುದ್ಯೋಗದ ಪ್ರಮಾಣ ಶೇಕಡ ೨೮ನ್ನು ದಾಟಿತ್ತು. ಶಿಕ್ಷಕರು, ದಾದಿಯರು, ಸರಕಾರಿ ನೌಕರರು ಕೂಡ ಕೆಲಸಕ್ಕೆ ರಾಜೀನಾಮೆ ಕೊಟ್ಟು ಆಸ್ಟ್ರೇಲಿಯಾದ ವಿಮಾನ ಹತ್ತಿದ್ದಾರೆ. ಹೊಲ ನೋಡಿಕೊಳ್ಳಲು ಹಳ್ಳಿಗಳಲ್ಲಿ ಮುದುಕರಷ್ಟೇ ಉಳಿಯುತ್ತಿದ್ದಾರೆ. ಈ ವಲಸೆಯನ್ನು ತಡೆಯುವ ಆಶಯದಿಂದಲೂ ಇಂದಿನ ದೊರೆಗಳು ೨೦೨೩ರ ಡಿಸೆಂಬರಿನಲ್ಲಿ ಗೆಲೆಫು ಎಂಬಲ್ಲಿ ಹೊಸ ನಗರವೊಂದನ್ನು ಕಟ್ಟುವ ಯೋಜನೆಯನ್ನು ಘೋಷಿಸಿದರು. ಸಂತೋಷವನ್ನು ಅಳೆದ ನಾಡಿನಲ್ಲಿಯೂ ದುಡಿಯುವ ದಾರಿ ಮುಚ್ಚಿದರೆ ಮಕ್ಕಳು ನಿಲ್ಲುವುದಿಲ್ಲ.

ಎರಡು ನಾಡುಗಳನ್ನು ಬೆಸೆದವರು

ಈ ಎರಡು ದೇಶಗಳ ನಡುವೆ ಒಂದು ಸುಂದರ ಸೇತುವೆಯೂ ಉಂಟು. ೧೯೬೪ರಲ್ಲಿ, ಶಿಂಕಾನ್ಸೆನ್ ಓಡಿದ ಅದೇ ವರ್ಷ, ಕೇಜಿ ನಿಶಿಯೋಕಾ ಎಂಬ ಜಪಾನಿ ಕೃಷಿತಜ್ಞರು ಭೂತಾನಿಗೆ ಬಂದರು. ಪಾರೋ ಕಣಿವೆಯ ಒಂದು ತುಂಡು ಭೂಮಿಯಲ್ಲಿ ತರಕಾರಿ ಬೆಳೆದು ತೋರಿಸಿದರು. ಭತ್ತದ ಸಸಿಗಳನ್ನು ಸಾಲಾಗಿ ನಾಟಿ ಮಾಡುವ ಕ್ರಮವನ್ನು ಕಲಿಸಿದರು. ಮುಂದೆ ದುರ್ಗಮವಾದ ಹಳ್ಳಿಗಳಿಗೆ ಹೋಗಿ ಚಿಕ್ಕ ಕಾಲುವೆಗಳನ್ನು, ತೂಗುಸೇತುವೆಗಳನ್ನು ಊರವರ ಕೈಯಿಂದಲೇ ಕಟ್ಟಿಸಿದರು. ೧೯೮೦ರಲ್ಲಿ ದೊರೆಗಳು ಅವರಿಗೆ ‘ದಾಶೋ’ ಎಂಬ ಉನ್ನತ ಪದವಿ ಕೊಟ್ಟು ಗೌರವಿಸಿದರು. ೨೮ ವರ್ಷ ಸೇವೆ ಸಲ್ಲಿಸಿ ೧೯೯೨ರಲ್ಲಿ ಅವರು ಅಲ್ಲಿಯೇ ದೇಹ ಬಿಟ್ಟರು. ದುಡಿಮೆಯೂ ಅದರ ಫಲವನ್ನು ಹಂಚುವುದೂ ಒಂದೇ ಬಾಳಿನಲ್ಲಿ ಕೂಡಿದ್ದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಜಪಾನಿನಲ್ಲಿ ೨೦೧೧ರ ಮಾರ್ಚಿನಲ್ಲಿ ಭೂಕಂಪ, ಸುನಾಮಿಗಳ ಮಹಾವಿಪತ್ತು ಬಂದೊದಗಿದಾಗ ಆ ಋಣವನ್ನು ಭೂತಾನ್ ಮರೆಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ತರುಣ ದೊರೆ ಜಿಗ್ಮೆ ಖೇಸರ್ ಅವರು ರಾಣಿಯವರೊಡನೆ ಫುಕುಶಿಮಾ ಸೀಮೆಯ ಸೋಮಾ ಊರಿಗೆ ಹೋಗಿ, ಮಡಿದವರಿಗಾಗಿ ಪ್ರಾರ್ಥಿಸಿ, ಶಾಲೆಯ ಮಕ್ಕಳೊಡನೆ ಮಾತನಾಡಿದರು. ಪ್ರತಿಯೊಬ್ಬರ ಒಳಗೂ ಒಂದು ಡ್ರ್ಯಾಗನ್ ಇದೆ, ಅದು ಅನುಭವವನ್ನೇ ಉಂಡು ಬೆಳೆಯುತ್ತದೆ ಎಂಬ ಅರ್ಥದ ಮಾತನ್ನು ಅವರು ಆ ಮಕ್ಕಳಿಗೆ ಹೇಳಿದರು. ಅನುಭವ ಮಂಟಪದ ವಾರಸುದಾರರಾದ ನಮಗೆ ಈ ಮಾತು ಹತ್ತಿರದ್ದೆನಿಸದೆ ಇರದು.

ಒಂದೇ ಮನೆಯ ಎರಡು ಪಾಠ

ಹಾಗಾದರೆ ಯಾವ ನಾಡು ಮೇಲು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾಗ ನಮಗೆ ನೆನಪಾದದ್ದು ಕಲ್ಯಾಣದ ಒಂದು ಬಡ ಗುಡಿಸಲು. ಅದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಮನೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅನುಭವದ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿದೆ ಎಂದು ಎಚ್ಚರಿಸಿ ಕಳಿಸಿದವರು ಲಕ್ಕಮ್ಮ. ಇನ್ನೊಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಮರಳಿಸಿದವರೂ ಅದೇ ಲಕ್ಕಮ್ಮ.

ಮೊದಲನೆಯ ಪಾಠ ಭೂತಾನಿಗೆ ಬೇಕು: ಕಾಯಕವಿಲ್ಲದ ನೆಮ್ಮದಿ ಬಹುಕಾಲ ಬಾಳದು. ಎರಡನೆಯ ಪಾಠ ಜಪಾನಿಗೆ ಬೇಕು: ಸಾಕೆಂಬುದನ್ನು ಅರಿಯದ ದುಡಿಮೆ ದುಡಿಯುವವನನ್ನೇ ನುಂಗುತ್ತದೆ. ಇವೆರಡೂ ನಮ್ಮ ಮನೆಗಳಿಗೂ ಬೇಕು. ಏಕೆಂದರೆ ನಮ್ಮ ಊರುಗಳಲ್ಲಿಯೂ ಮಕ್ಕಳು ದೂರ ಹೋಗಿ ಮುದಿ ತಂದೆತಾಯಿಗಳಷ್ಟೇ ಉಳಿದ ದೊಡ್ಡ ಮನೆಗಳು ಹೆಚ್ಚುತ್ತಿವೆ. ಓದಿಯೂ ಕಾಯಕ ಸಿಗದೆ ಕಟ್ಟೆಯ ಮೇಲೆ ಕುಳಿತ ತರುಣರೂ ಇದ್ದಾರೆ.

ಆದುದರಿಂದ ನಮ್ಮ ವಾಚಕ ಬಂಧುಗಳಲ್ಲಿ ಒಂದು ವಿನಂತಿ. ಪರದೇಶಕ್ಕೆ ಹೋದ ಮಗ ಅಥವಾ ಮಗಳು ಫೋನು ಮಾಡಿದಾಗ ಸಂಬಳದ ಜೊತೆಗೆ ಇನ್ನೆರಡು ಮಾತು ಕೇಳೋಣ. ರಾತ್ರಿ ಎಷ್ಟು ಹೊತ್ತು ಮಲಗುತ್ತೀ? ನಿನ್ನ ಜೊತೆ ಕುಳಿತು ಉಣ್ಣುವವರು ಯಾರು? ಊರಲ್ಲಿರುವವರು ವಾರಕ್ಕೊಮ್ಮೆಯಾದರೂ ಓಣಿಯ ಒಂಟಿ ಹಿರಿಯರ ಬಾಗಿಲು ತಟ್ಟಿ ಮಾತನಾಡಿಸಿ ಬರೋಣ. ಅನ್ನದ ದಾಸೋಹವನ್ನು ನಮ್ಮ ಮಠಗಳು ಶತಮಾನಗಳಿಂದ ನಡೆಸಿಕೊಂಡು ಬಂದಿವೆ. ವೇಳೆಯ ದಾಸೋಹವನ್ನು ನಡೆಸುವ ಹೊಣೆ ಮಾತ್ರ ನಮ್ಮ ನಮ್ಮ ಮನೆಗಳದು.