ಬಯಲು ಬರಿದಲ್ಲ

ಊರು ಬೆಳೆಯುವುದು ಸಂತೋಷದ ಸಂಗತಿಯೇ. ಆದರೆ ಬೆಳೆದ ಊರಿನಲ್ಲಿ ವೃದ್ಧರು ಸಂಜೆ ನಾಲ್ಕು ಹೆಜ್ಜೆ ನಡೆಯಲು, ಮಕ್ಕಳು ಚೆಂಡಾಡಲು, ತಾಯಂದಿರು ನೆರಳಿನಲ್ಲಿ ಕುಳಿತು ಸುಖದುಃಖ ಹಂಚಿಕೊಳ್ಳಲು ತಾವಿಲ್ಲವಾದರೆ ಅದನ್ನು ಬೆಳವಣಿಗೆ ಎನ್ನಬಹುದೇ? ಹರಿಹರದ ಸೆರಗಿಗೆ ಹೊಂದಿಕೊಂಡಿರುವ ಗುತ್ತೂರಿನಂತಹ ಊರುಗಳ ಮುಂದಿನ ಬಾಳನ್ನು ನೆನೆದಾಗ ನಮಗೆ ಏಳುವ ಪ್ರಶ್ನೆ ಇದು.

ಹರಿಹರ ಬಹುಕಾಲದ ಕ್ಷೇತ್ರ. ಹೊಯ್ಸಳರ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಇಂದಿಗೂ ಅದರ ಹೆಗ್ಗುರುತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದ ಮೇಲೆ ಆ ಕ್ಷೇತ್ರ ಕೈಗಾರಿಕಾ ಪಟ್ಟಣವಾಯಿತು. ಆ ಕಾರ್ಖಾನೆ ಮುಚ್ಚಿಹೋಗಿದ್ದರೂ ಊರಿನ ವಿಸ್ತಾರ ನಿಲ್ಲಲಿಲ್ಲ. ದಾವಣಗೆರೆಗೂ ಹರಿಹರಕ್ಕೂ ನಡುವಣ ದೂರ ಹದಿನಾಲ್ಕು ಕಿಲೋಮೀಟರಿನಷ್ಟು ಮಾತ್ರ. ಎರಡೂ ಊರುಗಳಿಗೆ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಇಂತಹ ಕಡೆ ಹೊಲಗಳು ನಿವೇಶನಗಳಾಗುವುದು ಸಹಜ. ಆ ನಿವೇಶನಗಳ ನಡುವೆ ಏನು ಉಳಿಯಬೇಕೆಂಬುದೇ ವಿಚಾರಣೀಯ.

ನಮ್ಮ ಸೀಮೆಯ ಹವೆಯನ್ನು ಮರೆತು ಈ ವಿಚಾರ ಮಾಡಲಾಗದು. ತುಂಗೆ ಭದ್ರೆಯರು ಮಲೆನಾಡಿನ ಧಾರಾಕಾರ ಮಳೆಯನ್ನು ಹೊತ್ತು ಕೂಡಲಿಯಲ್ಲಿ ಒಂದಾಗಿ ನಮ್ಮಲ್ಲಿಗೆ ಬರುತ್ತಾರೆ. ನದಿ ತುಂಬಿ ಹರಿದರೂ ನಮ್ಮ ನೆಲದ ಮೇಲೆ ಬೀಳುವ ಮಳೆ ಕಡಿಮೆಯೇ. ಬಯಲುಸೀಮೆಯ ಏಪ್ರಿಲ್ ಬಿಸಿಲು 38 ಡಿಗ್ರಿ ಮುಟ್ಟುವುದು ಯಾರಿಗೂ ಹೊಸತಲ್ಲ. ಹಗಲೆಲ್ಲ ಕಾದ ಸಿಮೆಂಟು, ಡಾಂಬರು, ತಾರಸಿಗಳು ಆ ಶಾಖವನ್ನು ಒಡಲಲ್ಲಿಟ್ಟುಕೊಂಡು ರಾತ್ರಿ ಹೊರಸೂಸುತ್ತವೆ. ಬೀಸಣಿಗೆ ತಿರುಗಿದರೂ ನಿದ್ದೆ ಬಾರದಿರಲು ಇದೂ ಒಂದು ಕಾರಣ. ಮರವಾದರೋ ಬಿಸಿಲನ್ನು ತಡೆಯುವುದಷ್ಟೇ ಅಲ್ಲ, ಬೇರಿನಿಂದ ಹೀರಿದ ನೀರನ್ನು ಎಲೆಯ ಮೂಲಕ ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತದೆ. ಮರದ ಕೆಳಗಿನ ತೆರೆದ ಮಣ್ಣು ಮಳೆನೀರನ್ನು ಹೀರಿ ಕೊಳವೆಬಾವಿಗಳ ಒಡಲಿಗೆ ಇಳಿಸುತ್ತದೆ. ಆದ್ದರಿಂದಲೇ ನಾವು ಹೇಳುವುದು: ಬಡಾವಣೆಯ ನಡುವೆ ಉಳಿದ ಬಯಲು ಬರಿದಲ್ಲ, ಅದು ಹಗಲಿರುಳೂ ಕಾಯಕದಲ್ಲಿ ತೊಡಗಿರುತ್ತದೆ.

ವಿಹಾರಕ್ಕೆ ಕೊಂಡಜ್ಜಿಯ ಗುಡ್ಡ ಮತ್ತು ಕೆರೆ ಇಲ್ಲವೇ, ದಾವಣಗೆರೆಯ ಕುಂದವಾಡ ಕೆರೆ ಮತ್ತು ಗಾಜಿನಮನೆ ಇಲ್ಲವೇ ಎಂದು ಕೆಲವರು ಕೇಳಬಹುದು. ಅವು ಚೆಲುವಾದ ತಾಣಗಳು, ನಿಜ. ಆದರೆ ಅವು ರಜಾದಿನದ ತಾಣಗಳು. ಮೊಣಕಾಲು ನೋವಿನ ಅಜ್ಜಿಗೆ, ವಾಹನವಿಲ್ಲದ ಕೂಲಿಕಾರನ ಮಗುವಿಗೆ ಬೇಕಾದದ್ದು ಮನೆಯಿಂದ ನಡೆದು ಹೋಗಬಹುದಾದ ನೆರಳು. ಹಬ್ಬದ ಹೋಳಿಗೆ ನಿತ್ಯದ ರೊಟ್ಟಿಯ ಹಸಿವನ್ನು ತಣಿಸದು.

ಬಯಲನ್ನು ಕಾಯಲು ಕಾನೂನಿನ ಬಲವೂ ಇದೆ. ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಪ್ರಸಂಗವನ್ನು ಎಲ್ಲರೂ ತಿಳಿಯಬೇಕು. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಡಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿಯೇ ತೀರ್ಪಿತ್ತಿತು. ಆಸ್ಪತ್ರೆ ಕೆಟ್ಟದ್ದೆಂದು ಯಾರೂ ಹೇಳಲಿಲ್ಲ. ಒಳ್ಳೆಯ ಉದ್ದೇಶವಿದೆಯೆಂಬ ಮಾತ್ರಕ್ಕೆ ಎಲ್ಲರ ಉಸಿರಿನ ತಾವನ್ನು ಕೆಲವರಿಗೆ ಕೊಡಲಾಗದು ಎಂಬುದು ಆ ಪ್ರಸಂಗದ ಸಾರ.

ಈ ಮಾತನ್ನು ನಾವು ಮೊದಲು ನಮ್ಮವರಿಗೇ ಹೇಳಬೇಕಾಗಿದೆ. ಹೊಸ ಬಡಾವಣೆಯಲ್ಲಿ ಖಾಲಿ ಜಾಗ ಕಂಡೊಡನೆ ಅಲ್ಲೊಂದು ಸಮುದಾಯ ಭವನ, ಕಲ್ಯಾಣಮಂಟಪ, ಗುಡಿ ಕಟ್ಟೋಣವೆಂಬ ಹಂಬಲ ಎಲ್ಲ ಸಮಾಜಗಳಲ್ಲಿಯೂ ಹುಟ್ಟುತ್ತದೆ; ನಮ್ಮ ಸಮಾಜವೂ ಇದಕ್ಕೆ ಹೊರತಲ್ಲ. ಭಕ್ತಿಯೇನೋ ದೊಡ್ಡದು, ಆದರೆ ಜಾಗ ಎಲ್ಲರದು. ಸಾರ್ವಜನಿಕ ಉದ್ಯಾನ, ರಸ್ತೆಗಳಲ್ಲಿ ಅನಧಿಕೃತವಾಗಿ ಧಾರ್ಮಿಕ ಕಟ್ಟಡಗಳನ್ನು ಎಬ್ಬಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಆದೇಶಿಸಿತು. ಆದೇಶವಿರಲಿ, ಇಲ್ಲದಿರಲಿ, ನಮ್ಮ ಪರಂಪರೆ ಏನು ಹೇಳುತ್ತದೆ? ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಜನರಿಗೆ ನೀರುಣಿಸಲು ಕೆರೆ ಕಟ್ಟುವುದನ್ನೇ ಶಿವಕಾರ್ಯವೆಂದು ಕೈಗೊಂಡವರು. ಶರಣರು ಪರತತ್ತ್ವವನ್ನೇ ಬಯಲೆಂದು ಕರೆದರು. ಅಂಥವರ ಹೆಸರಿನಲ್ಲಿ ಊರ ಬಯಲನ್ನು ಗೋಡೆಯೊಳಗೆ ಬಂಧಿಸುವುದು ಉಚಿತವೇ? ಭವನ ಬೇಕಾದರೆ ಹಣ ಕೂಡಿಸಿ ನಿವೇಶನ ಕೊಳ್ಳೋಣ. ದಾಸೋಹವೆಂದರೆ ಕೊಡುವುದೇ ಹೊರತು ಎಲ್ಲರ ಪಾಲನ್ನು ತೆಗೆದುಕೊಳ್ಳುವುದಲ್ಲ.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ನಿವೇಶನ ಕೊಳ್ಳುವವರು ಅನುಮೋದಿತ ಬಡಾವಣೆ ನಕ್ಷೆಯನ್ನು ಕೇಳಿ ಪಡೆಯಲಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮವಿದೆ. ಉದ್ಯಾನವೆಂದು ಗುರುತಾದ ಜಾಗ ಸ್ಥಳೀಯ ಸಂಸ್ಥೆಯ ಸುಪರ್ದಿಗೆ ಬಂದಿದೆಯೇ ಎಂದು ವಿಚಾರಿಸಿ ಅಲ್ಲೊಂದು ಫಲಕ ನಿಲ್ಲಿಸುವಂತೆ ಒತ್ತಾಯಿಸಲಿ. ಮಳೆಗಾಲದ ಆರಂಭದಲ್ಲಿ ಹೊಂಗೆ, ಬೇವು, ನೇರಳೆಯ ಸಸಿಗಳನ್ನು ನೆಟ್ಟು, ಬೇಸಿಗೆಯಲ್ಲಿ ನೀರೆರೆಯುವ ಹೊಣೆಯನ್ನು ಮನೆಗೊಂದರಂತೆ ಹಂಚಿಕೊಳ್ಳಲಿ. ಮರದ ಬುಡಕ್ಕೆ ಸಿಮೆಂಟು ಬಳಿಯದಿರಲಿ. ಮಕ್ಕಳನ್ನು ಬೇಸಿಗೆಯ ನಡುಹಗಲಿನಲ್ಲಿ ಆಟಕ್ಕೆ ಬಿಡದೆ, ಬೆಳಗಿನ ಮತ್ತು ಇಳಿಹೊತ್ತಿನ ತಂಪಿನಲ್ಲಿ ಕಳುಹಿಸಲಿ. ತಾವೂ ಜೊತೆಗೆ ಹೋಗಲಿ. ಜನ ಓಡಾಡುವ ಬಯಲಿನ ಮೇಲೆ ಒತ್ತುವರಿದಾರನ ಕಣ್ಣು ಸುಲಭವಾಗಿ ಬೀಳದು. ಕಸ ಸುರಿಯುವವನ ಕೈಯೂ ಹಿಂಜರಿಯುತ್ತದೆ.

ಗುತ್ತೂರಿನಂತಹ ಊರಿಗೆ ಕಾಲವಿನ್ನೂ ಮಿಂಚಿಲ್ಲ. ಕಟ್ಟಡವನ್ನು ಇಂದಲ್ಲ ನಾಳೆ ಕಟ್ಟಬಹುದು. ಆದರೆ ಕಟ್ಟಿ ಮುಗಿಸಿದ ಊರಿನಲ್ಲಿ ಬಯಲೊಂದನ್ನು ಮರಳಿ ಪಡೆಯುವುದು ಬಲು ಕಷ್ಟ. ಮಕ್ಕಳಿಗೆ ಮನೆ ಬಿಟ್ಟುಹೋಗುವ ತಂದೆತಾಯಿಗಳು ಆ ಮನೆಯ ಮುಂದೊಂದಿಷ್ಟು ನೆರಳನ್ನೂ ಬಿಟ್ಟುಹೋಗಲಿ ಎಂಬುದೇ ನಮ್ಮ ಹಾರೈಕೆ.