ಮನೆಯಲ್ಲೇ ವಾದ್ಯದ ಧ್ವನಿಮುದ್ರಣ: ಯಾವ ಮೈಕು, ಯಾವ ಪೆಟ್ಟಿಗೆ?

ವೀಣೆ, ಪಿಟೀಲು, ಕೊಳಲು, ಮೃದಂಗದಂಥ ವಾದ್ಯಗಳನ್ನು ಮನೆಯ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಲು ಬೇಕಾದ ಸಲಕರಣೆ ಹೆಚ್ಚೇನಿಲ್ಲ. ನಾದವನ್ನು ವಿದ್ಯುತ್ತಾಗಿಸುವ ಮೈಕು, ಆ ವಿದ್ಯುತ್ತನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಮುದ್ರಿಸಿಕೊಳ್ಳುವ ತಂತ್ರಾಂಶ, ಕೇಳಲು ಹೆಡ್‌ಫೋನ್. ಇವುಗಳ ಜತೆಗೆ ಕೋಣೆಯನ್ನೂ ಸಲಕರಣೆಯೆಂದೇ ಎಣಿಸಬೇಕು. ಅಂಗಡಿಯಲ್ಲಿ ಸಿಗುವ ವಸ್ತುವಲ್ಲವಾದ್ದರಿಂದ ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ಮುದ್ರಣ ಕೆಟ್ಟಾಗ ತಪ್ಪು ಮೈಕಿನದಾಗಿರುವುದು ಅಪರೂಪ, ಕೋಣೆಯದಾಗಿರುವುದೇ ಹೆಚ್ಚು.

ಬರಿಗೋಡೆ, ನುಣುಪು ಟೈಲ್ಸ್ ನೆಲ, ಕಾಂಕ್ರೀಟ್ ತಾರಸಿ ಇರುವ ಕೋಣೆಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಅದರ ಬಾಲಕ್ಕೆ ಲೋಹದಂಥ ಒಂದು ಕಂಪನ ಅಂಟಿಕೊಂಡು ಬರುತ್ತದೆ. ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿಬಂದು ಮಾಡುವುದರ ಫಲ ಅದು. ವೀಣೆಯ ಒಂದೊಂದು ಮೀಟಿಗೂ ಇದು ಅಂಟುತ್ತದೆ, ಒಮ್ಮೆ ಮುದ್ರಣವಾದ ಮೇಲೆ ಯಾವ ತಂತ್ರಾಂಶವೂ ಅದನ್ನು ಪೂರ್ತಿ ಬಿಡಿಸಲಾರದು. ನೆಲಕ್ಕೆ ದಪ್ಪ ಜಮಖಾನ, ವಾದಕರ ಹಿಂದಿನ ಗೋಡೆಗೆ ಆನಿಸಿ ನಿಲ್ಲಿಸಿದ ಹತ್ತಿ ಹಾಸಿಗೆ, ಪಕ್ಕದಲ್ಲಿ ಪುಸ್ತಕ ತುಂಬಿದ ಕಪಾಟು ಇಷ್ಟಿದ್ದರೆ ಬಹುಪಾಲು ಸರಿಹೋಗುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ಬಹುಕಾಲದಿಂದ ನಡೆದುಬಂದ ನಂಬಿಕೆ, ಪ್ರಯೋಜನ ಮಾತ್ರ ನಗಣ್ಯ. ಅಷ್ಟು ತೆಳು ರಟ್ಟು ಹೊರಗಿನ ಸದ್ದನ್ನು ತಡೆಯುವುದೂ ಇಲ್ಲ, ಒಳಗಿನ ಮಂದ್ರವನ್ನು ಹೀರುವುದೂ ಇಲ್ಲ.

ಮಂದ್ರ ನಾದದ ತೊಂದರೆ ಬೇರೆ ಬಗೆಯದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ 3 ಮೀಟರ್ ಅಂತರದ ಎರಡು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್‌ನ ನಾದ, ಅದರ ಎರಡರಷ್ಟು, ಮೂರರಷ್ಟು ಕಂಪನದ ನಾದಗಳು ನಿಂತ ಅಲೆಗಳಾಗಿ ಬಿಡುತ್ತವೆ. ಕೋಣೆಯ ಒಂದು ಕಡೆ ಮೃದಂಗದ ಎಡಭಾಗ ಗುಂಯ್‌ಗುಡುತ್ತದೆ, ಎರಡು ಹೆಜ್ಜೆ ಸರಿದರೆ ಸೊರಗುತ್ತದೆ. ಮೂಲೆಯಲ್ಲೂ ಕೂರದೆ, ಕೋಣೆಯ ನಟ್ಟನಡುವೆಯೂ ಕೂರದೆ, ಎರಡು ಮೂರು ಜಾಗಗಳಲ್ಲಿ ನುಡಿಸಿ ಕೇಳಿ ಸ್ಥಳ ಗೊತ್ತುಮಾಡುವುದು ಖರ್ಚಿಲ್ಲದ ಉಪಾಯ. ಇನ್ನು ಫ್ಯಾನ್ ನಿಲ್ಲಿಸಲೇಬೇಕು, ಪಕ್ಕದ ಫ್ರಿಜ್ಜನ್ನೂ ಅಷ್ಟು ಹೊತ್ತು ಆರಿಸಬೇಕು (ಮತ್ತೆ ಹಾಕಲು ಮರೆಯದಿರಲು ಕಾರಿನ ಕೀಲಿಯನ್ನು ಅದರೊಳಗೇ ಇಡುವವರಿದ್ದಾರೆ).

ಮೈಕುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈನಮಿಕ್ ಮೈಕಿನಲ್ಲಿ ತೆಳುಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟುತ್ತದೆ. ಗಟ್ಟಿಮುಟ್ಟು, ಅಗ್ಗ, ಎಷ್ಟು ಜೋರಿನ ಸದ್ದಿಗೂ ಜಗ್ಗದು. 1965ರಲ್ಲಿ ಬಂದ ಶೂರ್ ಎಸ್‌ಎಂ57 ಇಂದಿಗೂ ಇದರ ಮಾದರಿ. ಕಂಡೆನ್ಸರ್ ಮೈಕಿನ ಪೊರೆ ಅದಕ್ಕಿಂತ ಬಹಳ ಹಗುರ, ಆದ್ದರಿಂದ ತಾರದ ನವುರನ್ನೂ ಮೀಟಿನ ಮೊನಚನ್ನೂ ಅದು ಹಿಡಿಯುವಷ್ಟು ಡೈನಮಿಕ್ ಹಿಡಿಯಲಾರದು. ಕಂಡೆನ್ಸರಿಗೆ ಕೇಬಲ್ಲಿನ ಮೂಲಕ 48 ವೋಲ್ಟಿನ ಫ್ಯಾಂಟಮ್ ಪವರ್ ಕೊಡಬೇಕು. ಎರಡರ ದನಿಯೂ ಒಂದೇ ಮಟ್ಟದ್ದಲ್ಲ: ಅದೇ ಪ್ರಮಾಣದ ಶಬ್ದಕ್ಕೆ ಡೈನಮಿಕ್ 2 ಮಿಲಿವೋಲ್ಟ್‌ನ ಆಸುಪಾಸು ಕೊಟ್ಟರೆ ಕಂಡೆನ್ಸರ್ 10ರಿಂದ 25 ಮಿಲಿವೋಲ್ಟ್ ಕೊಡುತ್ತದೆ. ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಡೈನಮಿಕ್ ಹಿಡಿದರೆ ಗೇನ್ ತಿರುಪನ್ನು ಕೊನೆಯವರೆಗೂ ತಿರುಗಿಸಬೇಕಾಗಿ, ನಾದದ ಜತೆ ಬುಸ್ಸೆನ್ನುವ ಸದ್ದೂ ಏರುತ್ತದೆ. ತಂತಿವಾದ್ಯಕ್ಕೂ ಕೊಳಲಿಗೂ ಕಂಡೆನ್ಸರೇ ಸರಿ.

ಕಂಡೆನ್ಸರಿನಲ್ಲೂ ದೊಡ್ಡ ಪೊರೆಯದು, ಚಿಕ್ಕ ಪೊರೆಯದು ಎಂದು ಎರಡುಂಟು. ದೊಡ್ಡದು ಗಾಯಕರ ಮುಂದೆ ಶೋಭಿಸುತ್ತದೆ, ಸ್ವಂತ ಗದ್ದಲ ಕಡಿಮೆ. ಪೆನ್ನಿನಾಕಾರದ ಚಿಕ್ಕದು ಪಕ್ಕದಿಂದ ಬಂದ ನಾದವನ್ನೂ ಬಣ್ಣಗೆಡಿಸದೆ ಹಿಡಿಯುವುದರಿಂದ, ಮೈಯೆಲ್ಲ ನಾದ ಹೊರಡಿಸುವ ವಾದ್ಯಗಳಿಗೆ ಅದೇ ಮೇಲು. ಮೈಕಿನ ಸ್ವಂತ ಗದ್ದಲವನ್ನು ತಯಾರಕರು ಡೆಸಿಬೆಲ್‌ಗಳಲ್ಲಿ ನಮೂದಿಸಿರುತ್ತಾರೆ. ಇದನ್ನು ನೋಡಿ ಮರುಳಾಗುವ ಮೊದಲು ಒಂದು ಲೆಕ್ಕ ಹಾಕಬೇಕು. ರಾತ್ರಿ ಹೊತ್ತಿನ ನಿಶ್ಶಬ್ದ ಮಲಗುವ ಕೋಣೆಯಲ್ಲೇ 25-30 ಡೆಸಿಬೆಲ್ ಸದ್ದಿರುತ್ತದೆ. ಅಲ್ಲಿ 5 ಡೆಸಿಬೆಲ್ಲಿನ ಮೈಕಿಗೂ 14 ಡೆಸಿಬೆಲ್ಲಿನದಕ್ಕೂ ಕಿವಿಗೆ ವ್ಯತ್ಯಾಸವೇ ತಿಳಿಯದು. 20 ದಾಟಿದ್ದನ್ನು ಮಾತ್ರ ಬಿಟ್ಟುಬಿಡುವುದು ಒಳ್ಳೆಯದು.

ಯಾವ ಮೈಕು ಎಂಬುದಕ್ಕಿಂತ ಎಲ್ಲಿಟ್ಟ ಮೈಕು ಎಂಬುದು ದೊಡ್ಡ ಪ್ರಶ್ನೆ. ವಾದ್ಯದಿಂದ ನೇರ ಬರುವ ನಾದ, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಗೋಡೆಯಿಂದ ಮರಳಿ ಬಂದದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದ್ದರಿಂದ ಹತ್ತಿರ ಹೋದಷ್ಟೂ ಕೋಣೆ ಮರೆಯಾಗುತ್ತದೆ. ಆದರೆ ತೀರಾ ಹತ್ತಿರವಾದರೆ ವಾದ್ಯದ ಒಂದು ತುಂಡು ಮಾತ್ರ ಕೇಳುತ್ತದೆ. ಮುಂದಿನಿಂದ ಬಂದದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನಲ್ಲಿ ಮಂದ್ರವೂ ಅತಿಯಾಗಿ ಉಬ್ಬುತ್ತದೆ.

ಸರಸ್ವತಿ ವೀಣೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ನಾಲ್ಕು ವಾದನದ ತಂತಿ, ಮೂರು ತಾಳದ ತಂತಿಗಳ ಕಂಪನ ಕುದುರೆಯ ಮೂಲಕ ಕೊಡದ ಮೇಲ್ಹಲಗೆಗೆ ಇಳಿದು, ಅಲ್ಲಿಂದಲೇ ನಾದದ ಬಹುಪಾಲು ಹೊರಡುತ್ತದೆ. ಕುದುರೆಯ ಎದುರಿಗೇ ಗೇಣುದ್ದದಲ್ಲಿ ಮೈಕಿಟ್ಟರೆ ಉಗುರು ತಂತಿಗೆ ತಾಗುವ ಲೋಹದ ಸದ್ದೇ ಮುಂದೆ ಬರುತ್ತದೆ, ಗಮಕದ ಎಳೆತ ಹಿಂದೆ ಬೀಳುತ್ತದೆ. 40-50 ಸೆಂಟಿಮೀಟರ್ ದೂರದಲ್ಲಿ, ಕೊಡಕ್ಕೂ ಮೆಟ್ಟಿಲುಗಳ ಕೊನೆಗೂ ನಡುವೆ ಮುಖಮಾಡಿಸಿದರೆ ಮೀಟೂ ಎಳೆತವೂ ಹದವಾಗಿ ಬೆರೆಯುತ್ತವೆ. ಕಛೇರಿಯಲ್ಲಿ ವೈಣಿಕರು ಅಂಟಿಸಿಕೊಳ್ಳುವ ಕಾಂಟ್ಯಾಕ್ಟ್ ಮೈಕು ಹಲಗೆಯ ಅದಿರಾಟವನ್ನಷ್ಟೇ ಹಿಡಿಯುತ್ತದೆ. ಸಭಾಂಗಣದಲ್ಲಿ ಅದು ಅನಿವಾರ್ಯ. ಮನೆಯಲ್ಲಿ ನೆರೆಯವರ ಗಲಾಟೆ ತಪ್ಪಿಸಲು ಬಳಸಬಹುದಾದರೂ ನಾದ ಒರಟಾಗುತ್ತದೆ. ಅದನ್ನು ಚುಚ್ಚಲು ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್ರುಮೆಂಟ್’ ಗುಂಡಿ ಇರಬೇಕು. ಇಲ್ಲವಾದರೆ ಮಂದ್ರವೇ ಕಳಚಿಹೋಗುತ್ತದೆ.

ಕೊಳಲಿನಲ್ಲಿ ಊದುವ ರಂಧ್ರದ ಎದುರು ಮೈಕಿಡಬಾರದು, ಉಸಿರಿನ ರಭಸ ನೇರ ಪೊರೆಗೆ ಬಡಿಯುತ್ತದೆ. ಸ್ವಲ್ಪ ಮೇಲಿನಿಂದ, ಬೆರಳುಗಳ ಕಡೆಗೆ ತಿರುಗಿಸಿದರೆ ಸಾಕು. ಪಿಟೀಲಿಗೂ ಮೇಲಿನಿಂದಲೇ, ಅರ್ಧ ಮೀಟರಿಗೆ ಕಡಿಮೆಯಾಗದಂತೆ. ಹತ್ತಿರವಾದಷ್ಟೂ ಕಮಾನಿನ ಗೀರು ಜಾಸ್ತಿ.

ಮೃದಂಗ ಚರ್ಮವಾದ್ಯವಾದರೂ ಶ್ರುತಿಗೆ ಕೂಡುತ್ತದೆ. ಬಲ ಮುಚ್ಚಿಗೆಯ ನಡುವಿನ ಕರಣೆಯ ಭಾರದಿಂದ ಅದರ ಮೇಲುಸ್ವರಗಳು ಮೂಲಸ್ವರದ ಪೂರ್ಣ ಮಡಿಗಳಾಗುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಮೈಕಿಗೆ ಇದರ ಅರ್ಥ, ಬಲಗಡೆಯ ‘ದಿಂ’ ಎಂಬುದನ್ನು ಬರೀ ಪೆಟ್ಟಾಗಿ ಅಲ್ಲ, ಸ್ವರವಾಗಿ ಹಿಡಿಯಬೇಕು. ಅಲ್ಲಿಗೆ ಚಿಕ್ಕ ಪೊರೆಯ ಕಂಡೆನ್ಸರ್, ಎಡಗಡೆಯ ಗುಮ್ಕಿಗೆ ಡೈನಮಿಕ್ ಒಳ್ಳೆಯ ಜೋಡಿ. ಎರಡು ಮೈಕಿದ್ದಾಗ ಒಂದರ ಅಲೆ ಇನ್ನೊಂದರ ಅಲೆಯನ್ನು ತಿನ್ನುವ ಅಪಾಯವಿದೆ. ತಂತ್ರಾಂಶದಲ್ಲಿ ಒಂದರ ಪೋಲಾರಿಟಿ ತಿರುಗಿಸಿ ಕೇಳಿ, ಯಾವಾಗ ಮಂದ್ರ ತುಂಬಿ ಬರುತ್ತದೋ ಹಾಗೆ ಬಿಡಬೇಕು. ಒಬ್ಬರೇ ಅಭ್ಯಾಸಕ್ಕಾಗಿ ಮುದ್ರಿಸುವುದಾದರೆ ಮುಂದೆ ಒಂದು ಮೀಟರ್ ದೂರದಲ್ಲಿ ಒಂದೇ ಮೈಕು ಧಾರಾಳ ಸಾಕು.

ಇಂಟರ್‌ಫೇಸ್ ಕೊಳ್ಳುವಾಗ ಮೊದಲ ಪ್ರಶ್ನೆ ಒಟ್ಟಿಗೆ ಎಷ್ಟು ಮೈಕು ಎಂಬುದು. ವೀಣೆಗೆ ಒಂದು, ಮೃದಂಗಕ್ಕೆ ಎರಡು ಎಂದರೆ ಎರಡು ಮೈಕಿನ ಪೆಟ್ಟಿಗೆ ಆಗಲೇ ಸಾಲದು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ನಂಥ ಎರಡು ಮೈಕಿನವು ಹೆಚ್ಚು ಬಳಕೆಯಲ್ಲಿದ್ದರೂ ಪಕ್ಕವಾದ್ಯದ ಆಸೆ ಇರುವವರು ಮೊದಲೇ ನಾಲ್ಕರದನ್ನು ಕೊಂಡರೆ ಎರಡು ಸಲ ಖರ್ಚು ಮಾಡುವುದು ತಪ್ಪುತ್ತದೆ. ಯುಎಸ್‌ಬಿ ಮೈಕಿನಲ್ಲಿ ಇಂಟರ್‌ಫೇಸ್ ಒಳಗೇ ಅಡಕವಾಗಿರುತ್ತದೆ. ಒಂದಾದರೆ ಅಡ್ಡಿಯಿಲ್ಲ. ಎರಡನ್ನು ಒಂದೇ ಕಂಪ್ಯೂಟರಿಗೆ ಚುಚ್ಚಿದರೆ ಅವುಗಳ ಗಡಿಯಾರಗಳು ಬೇರೆ ಬೇರೆಯಾಗಿ, ನಿಮಿಷಗಳು ಕಳೆದಂತೆ ತಾಳ ಜಾರುತ್ತದೆ.

24 ಬಿಟ್, 48 ಕಿಲೋಹರ್ಟ್ಸ್ ಎಂಬ ಹೊಂದಾಣಿಕೆ ಎಲ್ಲ ಉದ್ದೇಶಕ್ಕೂ ಆಗುತ್ತದೆ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾದ 192 ಕಿಲೋಹರ್ಟ್ಸ್‌ಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. 24 ಬಿಟ್ ಇರುವುದರಿಂದ ಅಳತೆಯ ಮುಳ್ಳು ಶೂನ್ಯದ ಹತ್ತಿರ ಕುಣಿಯಬೇಕಿಲ್ಲ, ತನಿ ಆವರ್ತನದ ಜೋರಿನ ಪೆಟ್ಟೂ ಮೈನಸ್ 10 ಡೆಸಿಬೆಲ್ ದಾಟದಂತೆ ಗೇನ್ ಇಟ್ಟರೆ ನೆಮ್ಮದಿ.

ತಾನೇ ನುಡಿಸಿದ್ದು ಕಂಪ್ಯೂಟರಿನೊಳಗೆ ಸುತ್ತಿ ಹೆಡ್‌ಫೋನಿಗೆ ಬರುವಾಗ ಆಗುವ ತಡ ವಾದಕರನ್ನು ಕಾಡುತ್ತದೆ. ತಂತ್ರಾಂಶ ಒಂದೊಂದು ಕಂತಿಗೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಲೆಕ್ಕವಾದ ಬಫರನ್ನು 128 ಎಂದಿಟ್ಟರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ಹೋಗಿಬರುವುದೂ ಡ್ರೈವರಿನದೂ ಸೇರಿ ಇನ್ನಷ್ಟು. ಇದಕ್ಕೆ ಇಂಟರ್‌ಫೇಸಿನಲ್ಲೇ ಡೈರೆಕ್ಟ್ ಮಾನಿಟರ್ ಗುಂಡಿ ಇದೆಯೇ ನೋಡಿಕೊಳ್ಳಬೇಕು. ಆಗ ಮೈಕಿನ ದನಿ ಕಂಪ್ಯೂಟರಿಗೆ ಹೋಗುವ ಮೊದಲೇ ಕಿವಿಗೆ ಬರುತ್ತದೆ.

ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದಿರಬೇಕು. ಕರ್ನಾಟಕ ಸಂಗೀತಕ್ಕೆ ಇದರಿಂದ ವಿಶೇಷ ಉಪಯೋಗವಿದೆ. ತಂಬೂರಿ ಪೆಟ್ಟಿಗೆಯ ಶ್ರುತಿ ಕೋಣೆಯಲ್ಲಿ ಮೊಳಗುತ್ತಿದ್ದರೆ ವೀಣೆಯ ಮೈಕಿಗೂ ಅದು ಬೀಳುತ್ತದೆ. ಆಮೇಲೆ ತಪ್ಪಿದ ಒಂದು ಸಂಗತಿಯನ್ನು ಕತ್ತರಿಸಿ ಬೇರೆಯದನ್ನು ಜೋಡಿಸಲು ಹೋದರೆ ಶ್ರುತಿಯ ಎಳೆಯೂ ತುಂಡಾಗಿ ಜೋಡಣೆ ಎದ್ದು ಕಾಣುತ್ತದೆ. ಶ್ರುತಿಯನ್ನು ಹೆಡ್‌ಫೋನಿನಲ್ಲಷ್ಟೇ ಕೇಳುತ್ತ ನುಡಿಸಿ, ತಂಬೂರಿಯನ್ನು ಬೇರೆ ಟ್ರ್ಯಾಕಿನಲ್ಲಿ ಕೂಡಿಸಿದರೆ ಈ ಪೇಚಿಲ್ಲ.

ಕಂಪ್ಯೂಟರು ಹೊಸದೇ ಆಗಬೇಕೆಂದಿಲ್ಲ. ನಾಲ್ಕು ಟ್ರ್ಯಾಕುಗಳನ್ನು ಹಳೆಯ ಲ್ಯಾಪ್‌ಟಾಪೂ ಹೊರುತ್ತದೆ. ತಂತ್ರಾಂಶಕ್ಕೆ ಉಚಿತವಾದ ಆಡಾಸಿಟಿ, ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಸಾಕು. ಮುದ್ರಣದಲ್ಲಿ ಗುಂಯ್ ಎಂಬ ಸದ್ದಿದ್ದರೆ ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಬೇಕು, ಬಹಳ ಸಲ ದೋಷಿ ಅದೇ. ಕರೆಂಟು ಹೋದಾಗ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಮುದ್ರಣ ಬೇಡ.

ಖರ್ಚನ್ನು ಹಂಚುವಾಗ ಜಮಖಾನ, ಗಟ್ಟಿ ಸ್ಟ್ಯಾಂಡು, ಒಳ್ಳೆಯ ಎಕ್ಸ್‌ಎಲ್‌ಆರ್ ಕೇಬಲ್ ಮೊದಲು ಬರಲಿ; ನಂತರ ಮೈಕು, ಆಮೇಲೆ ಇಂಟರ್‌ಫೇಸ್, ಹೆಡ್‌ಫೋನ್. ಎರಡು ಟ್ರ್ಯಾಕಿನ ಒಂದು ಗಂಟೆಯ ಮುದ್ರಣ 24 ಬಿಟ್‌ನಲ್ಲಿ ಸುಮಾರು 1 ಜಿಬಿ ಆಗುತ್ತದೆ. ಜಾಗ ಉಳಿಸಲೆಂದು ಎಂಪಿ3 ಮಾಡಿ ಮೂಲವನ್ನು ಅಳಿಸದೆ, ವೇವ್ ಕಡತವನ್ನೇ ಎರಡು ಬೇರೆ ಡಿಸ್ಕುಗಳಲ್ಲಿ ಇಡಬೇಕು.