ಕನ್ನಡನಾಡಿನಲ್ಲಿ ಕಾಲ್ಚೆಂಡಾಟವು ಬೆಳೆದ ಬಗೆ

ಹುಡುಗಿಯರ ಹೈಸ್ಕೂಲೊಂದರ ಸ್ಮರಣ ಸಂಚಿಕೆಯಲ್ಲಿ ಕಾಲ್ಚೆಂಡಾಟದ ಚರಿತ್ರೆಗೆ ಏನು ಕೆಲಸವೆಂದು ಕೆಲವು ವಾಚಕರು ಕೇಳಿಯಾರು. ಅಂಥವರಿಗೆ ನಮ್ಮ ಉತ್ತರವಿಷ್ಟೆ. ಉದ್ಯಾವರದ ಹೊಳೆಯ ಬದಿಯ ಗದ್ದೆಗಳಲ್ಲಿ ಕೊಯ್ಲು ಮುಗಿದೊಡನೆ ಹುಡುಗರು ಚೆಂಡನ್ನೊದೆಯುತ್ತ ಓಡುವದನ್ನು ನಮ್ಮ ಹೆಣ್ಮಕ್ಕಳು ಕಟ್ಟಹುಣಿಯ ಮೇಲೆ ನಿಂತು ನೋಡುತ್ತ ಬಂದವರು. ನೋಡುವವರಿಗೆ ಆ ಆಟದ ಪೂರ್ವೋತ್ತರವು ತಿಳಿದಿರುವದು ಒಳ್ಳೆಯದು. ಅವರು ಇಷ್ಟು ಕಾಲ ನೋಡುವವರಾಗಿಯೇ ಏಕೆ ಉಳಿದರೆಂಬದೂ ಅದೇ ಚರಿತ್ರೆಯೊಳಗೆ ಅಡಗಿದೆ.

ಚೆಂಡನ್ನು ಕಾಲಿನಿಂದ ಒದೆಯುವದು ಆಂಗ್ಲೇಯರು ಕಲಿಸಿಕೊಟ್ಟ ವಿದ್ಯೆಯೆಂದು ಹೇಳುವದು ವಾಡಿಕೆ. ನಮ್ಮ ತುಳುನಾಡಿನ ಮಟ್ಟಿಗೆ ಈ ಮಾತು ಪೂರ್ಣವಾಗಿ ಸಲ್ಲದು. ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿ ದೇವಸ್ಥಾನದ ವಾರ್ಷಿಕ ಜಾತ್ರೆಯ ಕಾಲಕ್ಕೆ ಐದು ದಿನಗಳ 'ಪೊಳಲಿ ಚೆಂಡು' ಈಗಲೂ ನಡೆಯುತ್ತದೆ. ಚೆಂಡು ತೊಗಲಿನದು. ಅದನ್ನು ಹೊಲಿಯುವ ಹಕ್ಕು ಮೂಡಬಿದ್ರೆಯ ಒಂದು ಚಮ್ಮಾರ ಮನೆತನಕ್ಕೂ ಅದನ್ನು ಪೊಳಲಿಗೆ ತಂದೊಪ್ಪಿಸುವ ಹಕ್ಕು ಮಿಜಾರಿನ ಒಂದು ಗಾಣಿಗ ಮನೆತನಕ್ಕೂ ಸೇರಿದ್ದಾಗಿದೆ. ಇಷ್ಟೇ ಮಂದಿ ಆಡತಕ್ಕದ್ದೆಂಬ ನಿರ್ಬಂಧವಿಲ್ಲದೆ ಸುತ್ತಲಿನ ಗ್ರಾಮಗಳ ನೂರಾರು ಜನರು ಎರಡು ಪಕ್ಷವಾಗಿ ಚೆಂಡಿಗಾಗಿ ಹೋರಾಡುವರು. ಧರ್ಮಾಧರ್ಮಗಳ ಯುದ್ಧಕ್ಕೆ ಇದು ಸಂಕೇತವೆಂದು ಹಿರಿಯರ ನಂಬಿಕೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೋಲಿಸಿ ನೋಡಬಹುದು. ೧೮೯೧ರಲ್ಲಿ ಟಿಂಡೇಲ್ ಬಿಸ್ಕೋ ಎಂಬ ಮಿಶನರಿಯು ಕಾಶ್ಮೀರದ ಶ್ರೀನಗರದ ತನ್ನ ಶಾಲೆಗೆ ತೊಗಲಿನ ಚೆಂಡೊಂದನ್ನು ತಂದಾಗ, ಅಲ್ಲಿಯ ಬ್ರಾಹ್ಮಣ ಹುಡುಗರು ಅದನ್ನು ಮುಟ್ಟಲೊಲ್ಲದೆ ಹಿಂದೆಗೆದರು. ಆಟದ ನಡುವೆ ಚೆಂಡು ಒಬ್ಬನ ಮುಖಕ್ಕೆ ತಗಲಲು, ಮೈಲಿಗೆಯಾಯಿತೆಂದು ಅಳುತ್ತಿದ್ದ ಅವನನ್ನು ನೀರಿಗೆ ಕರೆದೊಯ್ದು ತೊಳೆಸಿ, ಪುನಃ ಆಟವನ್ನು ಮುಂದುವರಿಸಬೇಕಾಯಿತು. ಅಲ್ಲಿ ಹುಡುಗರು ಮುಟ್ಟಲಂಜಿದ ವಸ್ತುವು ಇಲ್ಲಿ ದೇವಸ್ಥಾನದ ಗದ್ದೆಯಲ್ಲಿ ಉತ್ಸವದ ಅಂಗವೇ ಆಗಿದೆಯೆಂಬದು ಸ್ವಾರಸ್ಯವಲ್ಲವೇ!

ನಿಯಮಬದ್ಧವಾದ ಫುಟ್ಬಾಲ್ ಮಾತ್ರ ಹೊರಗಿನಿಂದಲೇ ಬಂದದ್ದು. ಅದರ ನಿಯಮಗಳು ೧೮೬೩ರಲ್ಲಿ ಲಂಡನ್ನಿನಲ್ಲಿ ಬರೆಯಲ್ಪಟ್ಟವು. ಆಂಗ್ಲ ಸೈನಿಕರು ಅದನ್ನು ತಮ್ಮ ದಂಡುಪ್ರದೇಶಗಳಿಗೆಲ್ಲ ಒಯ್ದರು. ಸಿಮ್ಲೆಯಲ್ಲಿ ೧೮೮೮ರಲ್ಲಿ ಡ್ಯುರಾಂಡ್ ಕಪ್ಪೂ ಮುಂಬಯಿಯಲ್ಲಿ ೧೮೯೧ರಲ್ಲಿ ರೋವರ್ಸ್ ಕಪ್ಪೂ ಮೊದಲಾದವು. ಕನ್ನಡನಾಡಿನಲ್ಲಿ ಈ ಆಟಕ್ಕೆ ತೊಟ್ಟಿಲಾದದ್ದು ೧೮೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡು. ಅಲ್ಲಿ ವಿಶಾಲವಾದ ಬಯಲುಗಳಿದ್ದವು. ಎದುರಿಸಿ ಆಡುವದಕ್ಕೆ ಪಲ್ಟಣಗಳ ತಂಡಗಳಿದ್ದವು. ದಂಡಿನ ಸುತ್ತಲಿನ ಕೇರಿಗಳ ಬಡ ಹುಡುಗರು ನೋಡಿ ಕಲಿತರು, ಬರಿಗಾಲಿನಲ್ಲೇ ಆಡಿದರು. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ ಮುಂತಾದ ಕೇರಿಗಳಲ್ಲಿ ಆ ಹುರುಪು ಇಂದಿಗೂ ಆರಿಲ್ಲ.

ಈ ಕೇರಿಗಳ ಆಟವು ಎಷ್ಟರ ಮಟ್ಟಿಗೆ ಬಲಿತಿತ್ತೆಂಬದು ೧೯೩೭ರಲ್ಲಿ ಎಲ್ಲರಿಗೂ ತಿಳಿಯಿತು. ರೋವರ್ಸ್ ಕಪ್ಪು ಆರಂಭವಾಗಿ ನಾಲ್ವತ್ತಾರು ವರುಷ ಕಳೆದರೂ ಒಂದು ಭಾರತೀಯ ತಂಡವೂ ಅದನ್ನು ಗೆದ್ದಿರಲಿಲ್ಲ. ಆ ವರುಷ 'ಬೆಂಗಳೂರು ಮುಸ್ಲಿಮ್ಸ್' ತಂಡವು ಅಂತಿಮ ಪಂದ್ಯಾಟದಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಎದುರಾಳಿಗಳು ಸಾಮಾನ್ಯರಲ್ಲ; ೧೯೩೪ರಿಂದ ೧೯೩೮ರ ವರೆಗೆ ಎಡೆಬಿಡದೆ ಐದು ಸಾರಿ ಕಲ್ಕತ್ತೆಯ ಲೀಗನ್ನು ಗೆದ್ದವರು. ಬೆಂಗಳೂರಿನವರು ೧೯೩೮ರಲ್ಲಿಯೂ ೧೯೪೮ರಲ್ಲಿಯೂ ಅದೇ ಕಪ್ಪನ್ನು ಮರಳಿ ತಂದರು. ೧೯೧೧ರಲ್ಲಿ ಮೋಹನ ಬಾಗಾನ್ ತಂಡವು ಆಂಗ್ಲ ಪಲ್ಟಣವನ್ನು ಸೋಲಿಸಿದ ಕಥೆಯು ನಮ್ಮ ಮಕ್ಕಳ ಪಾಠಗಳಲ್ಲಿ ಸಿಗುತ್ತದೆ. ಬೆಂಗಳೂರಿನವರ ಈ ಜಯವು ಸಿಗುವದು ವಿರಳ. ನಮ್ಮ ನಾಡಿನವರ ಕೀರ್ತಿಯನ್ನು ನಾವೇ ಮರೆಯುವದರಲ್ಲಿ ನಾವು ನಿಪುಣರು.

ಪ್ರಾಂತ್ಯಗಳ ನಡುವಣ ಸಂತೋಷ್ ಟ್ರೋಫಿಯು ೧೯೪೧ರಲ್ಲಿ ಆರಂಭವಾಯಿತು. ಬಂಗಾಲದ ಸಂತೋಷ್ ಎಂಬ ಸಂಸ್ಥಾನದ ಮಹಾರಾಜರ ನೆನಪಿಗೆ ಇಟ್ಟ ಹೆಸರದು. ಆನಂದವೆಂಬ ಅರ್ಥದ ನಮ್ಮ ಸಂತೋಷವಲ್ಲ. ಮೈಸೂರು ತಂಡವು ಇದನ್ನು ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ ಹೀಗೆ ನಾಲ್ಕಾವೃತ್ತಿ ಗೆದ್ದಿತು. ನಾಲ್ಕರಲ್ಲಿಯೂ ಸೋತದ್ದು ಬಂಗಾಲವೇ. ದಂಡು ಹೋದ ಮೇಲೆ ಆಟಗಾರರಿಗೆ ಅನ್ನ ಕೊಟ್ಟದ್ದು ಬೆಂಗಳೂರಿನ ಸರಕಾರೀ ಕಾರ್ಖಾನೆಗಳು. ಟೆಲಿಫೋನ್ ಕಾರ್ಖಾನೆಯಾದ ಐ.ಟಿ.ಐ.ಯ ತಂಡವು ೧೯೭೭ರಲ್ಲಿ ಮೊತ್ತಮೊದಲಿನ ಫೆಡರೇಶನ್ ಕಪ್ಪನ್ನೇ ಗೆದ್ದುಕೊಂಡಿತು.

ಒಲಿಂಪಿಕ್ ಕ್ರೀಡೆಗಳ ಎರಡು ಗೋಲುಗಳನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೧೯೪೮ರ ಜುಲೈ ೩೧ರಂದು ಲಂಡನ್ನಿನ ಬಳಿಯ ಇಲ್ಫರ್ಡಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನೆದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಲ್ಟಿಗಳು ವ್ಯರ್ಥವಾದವು. ಆದರೂ ಬೆಂಗಳೂರಿನ ಸಾರಂಗಪಾಣಿ ರಾಮನ್ ಒಂದು ಗೋಲನ್ನು ಹೊಡೆದು ಸಮ ಮಾಡಿದನು. ಆಟವು ಮುಗಿಯುವದಕ್ಕೆ ಕ್ಷಣಗಳಿರುವಾಗ ಫ್ರಾನ್ಸಿನವರು ಎರಡನೆಯ ಗೋಲನ್ನು ಸಾಧಿಸಿ ಗೆದ್ದರು. ನಾಲ್ಕು ವರುಷಗಳ ತರುವಾಯ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು ಹತ್ತಕ್ಕೊಂದರಂತೆ ಸೋತಾಗ ಆ ಒಂದನ್ನು ಹೊಡೆದವನು ಬೆಂಗಳೂರಿನ ಅಹಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬನೆಂದು ಹೆಸರಾದವನು. ಎರಡು ಒಲಿಂಪಿಕ್ಕುಗಳಲ್ಲಿ ಭಾರತಕ್ಕೆ ದೊರೆತ ಎರಡೇ ಗೋಲುಗಳು ಒಂದೇ ಊರಿನವರ ಕಾಲಿನಿಂದ ಬಂದವು! ಬರಿಗಾಲಿಗೆ ಚೆಂಡಿನ ಸ್ಪರ್ಶಜ್ಞಾನವು ಹೆಚ್ಚು. ಒಣನೆಲದಲ್ಲಿ ಅದು ಚಮತ್ಕಾರವನ್ನೇ ಮಾಡುತ್ತದೆ. ಚಳಿಯಿಂದ ಮರಗಟ್ಟಿದ ಕಾಲು ಒದ್ದೆ ಹುಲ್ಲಿನ ಮೇಲೆ ನೆಲವನ್ನು ಹಿಡಿಯದು. ಹೆಲ್ಸಿಂಕಿಯ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು.

ಮೇಲೆ ಹೇಳಿದ ಜಯಗಳಲ್ಲಿ ನಮ್ಮ ಕರಾವಳಿಗೆ ಪಾಲೆಷ್ಟು? ಮೊದಲಿನೆರಡರಲ್ಲಿ ಪಾಲೇ ಇಲ್ಲ. ಯಾಕಂದರೆ ೧೯೫೬ರ ನವೆಂಬರ್ ೧ರ ವರೆಗೆ ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿತ್ತು. ಮೈಸೂರಿನ ಗೆಲವು ನಮಗೆ ನೆರೆಮನೆಯ ಮದುವೆಯಂತೆ. ಮಂಗಳೂರಿನ ಮೈದಾನದಲ್ಲಿಯೂ ಉಳ್ಳಾಲದಲ್ಲಿಯೂ ಆಟಕ್ಕೆ ಅಭಿಮಾನಿಗಳು ಕಡಿಮೆಯಿರಲಿಲ್ಲ. ಆದರೆ ಮೇಲ್ಮಟ್ಟದ ಪಂದ್ಯಾಟಗಳೂ ನೌಕರಿಗಳೂ ಘಟ್ಟದ ಮೇಲಿದ್ದವು.

ಇನ್ನು ಹೆಣ್ಣುಮಕ್ಕಳ ಮಾತು. ಅವರಿಗೆ ಈ ಆಟವು ಒಗ್ಗದೆಂಬದು ನಮ್ಮ ಅಜ್ಜಿಯಂದಿರ ಕಟ್ಟುಪಾಡೆಂದು ತಿಳಿಯುವವರು ಇಂಗ್ಲಂಡಿನ ಚರಿತ್ರೆಯನ್ನು ಓದಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಕಾರ್ಖಾನೆಗಳ ಹೆಂಗಸರು ತಂಡ ಕಟ್ಟಿದರು. ೧೯೨೦ರ ಕ್ರಿಸ್ಮಸ್ಸಿನ ಮರುದಿನ ಲಿವರ್‌ಪೂಲಿನಲ್ಲಿ 'ಡಿಕ್, ಕೆರ್' ಕಾರ್ಖಾನೆಯ ಹೆಂಗಸರ ಆಟವನ್ನು ನೋಡಲು ೫೩,೦೦೦ ಜನರು ಕೂಡಿದರು. ಮರುವರುಷದ ಡಿಸೆಂಬರ್ ೫ರಂದು ಅಲ್ಲಿಯ ಫುಟ್ಬಾಲ್ ಸಂಘವು, ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದು ತನ್ನ ಮೈದಾನಗಳನ್ನು ಅವರಿಗೆ ಮುಚ್ಚಿತು. ಬಾಗಿಲು ತೆರೆಯಲು ೧೯೭೧ರ ವರೆಗೆ ಕಾಯಬೇಕಾಯಿತು. ಜನರು ಬಾರದೆ ಆಟವು ನಿಂತದ್ದಲ್ಲ. ಜನರು ಬಂದರೂ ನಿಲ್ಲಿಸಲ್ಪಟ್ಟದ್ದು. ನಮ್ಮ ಶಾಲೆಗಳಿಗೆ ಆಟಗಳ ಮಾದರಿಯು ಯುರೋಪಿನಿಂದ ಬಂದ ಕಾಲವೂ ಅದೇ ಆದದರಿಂದ, ಹುಡುಗರಿಗೆ ಫುಟ್ಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂಬ ಹಂಚಿಕೆಯಾದದ್ದು ನಮಗೆ ಆಶ್ಚರ್ಯವಲ್ಲ.

ಭಾರತದಲ್ಲಿ ಹೆಂಗಸರ ಫುಟ್ಬಾಲಿಗೆ ಪ್ರತ್ಯೇಕ ಸಂಘವು ಹುಟ್ಟಿದ್ದು ೧೯೭೫ರಲ್ಲಿ. ೧೯೮೦ರಲ್ಲಿ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ನಡೆದ ಏಶ್ಯದ ಸ್ಪರ್ಧೆಯಲ್ಲಿ ಭಾರತೀಯ ಹುಡುಗಿಯರು ಅಂತಿಮ ಪಂದ್ಯಾಟದ ವರೆಗೆ ಹೋದರು. ೨೦೨೩ರಲ್ಲಿ ಕರ್ನಾಟಕಕ್ಕೆ ಎರಡು ಸುದ್ದಿಗಳು ಬಂದವು. ಮಾರ್ಚಿ ೪ರಂದು ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ, ಐವತ್ತನಾಲ್ಕು ವರುಷಗಳ ತರುವಾಯ ನಮ್ಮ ಗಂಡಸರು ಸಂತೋಷ್ ಟ್ರೋಫಿಯನ್ನು ಪಡೆದರು. ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹೆಂಗಸರು ರಾಷ್ಟ್ರೀಯ ಲೀಗಿನ ಅಂತಿಮ ಪಂದ್ಯಾಟಕ್ಕೆ ತಲಪಿ, ಕೇರಳದ ಗೋಕುಲಂ ತಂಡಕ್ಕೆ ಐದು ಗೋಲುಗಳಿಂದ ಸೋತರು. ಮೊದಲನೆಯ ಸುದ್ದಿಯನ್ನು ತಿಳಿದವರು ಹಲವರು, ಎರಡನೆಯದನ್ನು ತಿಳಿದವರು ಕೆಲವರು.

ಮಗಳು ಚೆಂಡನ್ನು ಕೇಳಿದರೆ ಏನು ಕೊಡಿಸಬೇಕೆಂದು ವಿಚಾರಿಸುವ ತಂದೆತಾಯಿಗಳಿಗಾಗಿ ಇಷ್ಟು ಹೇಳುವೆವು. ಹನ್ನೆರಡು ವರುಷದೊಳಗಿನವರಿಗೆ ನಾಲ್ಕನೇ ನಂಬ್ರದ ಚೆಂಡು ಸಾಕು. ಅದಕ್ಕೆ ಮೇಲ್ಪಟ್ಟವರಿಗೆ ಐದನೆಯದು, ಸುತ್ತಳತೆ ೬೮ರಿಂದ ೭೦ ಸೆಂಟಿಮೀಟರು, ತೂಕ ೪೧೦ರಿಂದ ೪೫೦ ಗ್ರಾಮು. ಹನ್ನೊಂದು ಮಂದಿ ಬೇಕೆಂಬ ನಿರ್ಬಂಧವಿಲ್ಲ. ಐದೈದು ಮಂದಿಯ ಆಟಕ್ಕೆ ನಾಲ್ವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಜಾಗವು ಧಾರಾಳವಾಯಿತು; ನಮ್ಮ ಊರಿನ ಯಾವ ಶಾಲೆಯ ಅಂಗಳವಾದರೂ ಹೆಚ್ಚುಕಡಿಮೆ ಅಷ್ಟಿರುತ್ತದೆ.